ಸ್ವಂತ ಊರಿಗೆ ಟೂರ್ ಬಸ್ಸಿನಲ್ಲಿ

"ಊರು ಇದ್ದವನು ದುಡ್ಡು ಕೊಟ್ಟು ಊರು ನೋಡ್ಲಿಕ್ಕೆ ಹೋದನಂತೆ!"

ನಮ್ಮ ಪರಿಚಯದ ಕನ್ನಡಿಗರ ನಡುವೆ ಈಗ ಓಡಾಡುತ್ತಿರುವ ಜೋಕು ಇದು. ಹೋದವನು ನಾನೇ. 2025ರ ನವೆಂಬರ್‌ನಲ್ಲಿ ಠಾಣೆಯ ಮಾಜಿವಾಡಾ ನಾಕಾದಿಂದ ಹೊರಟ ಒಂದು ಗ್ರೂಪ್ ಟೂರಿನಲ್ಲಿ ನಾನು ಮತ್ತು ನನ್ನ ಹೆಂಡತಿ ಇದ್ದೆವು. ಆರು ರಾತ್ರಿ, ಏಳು ಹಗಲು. ಗಣಪತಿಪುಳೆ, ರತ್ನಾಗಿರಿ, ಮಾಲವಣ, ಕಾರವಾರ, ಗೋಕರ್ಣ, ಮುರ್ಡೇಶ್ವರ, ಉಡುಪಿ. ಹೋಗುವಾಗ ಬಸ್ಸು, ಬರುವಾಗ ಉಡುಪಿಯಿಂದ ರೈಲು. ಊಟ, ತಿಂಡಿ, ಹೋಟೆಲ್ಲು, ಗೈಡು ಎಲ್ಲ ಅವರದ್ದೇ. ಅಂಕೋಲೆಯ ಹತ್ತಿರದ ಹಳ್ಳಿಯಲ್ಲಿ ಹುಟ್ಟಿ, ನಲವತ್ತಕ್ಕೂ ಹೆಚ್ಚು ವರ್ಷ ಮುಂಬಯಿಯ ಲೋಕಲ್ ಟ್ರೇನಿನಲ್ಲಿ ಸವೆದ ನಾನು, ಅಂಕೋಲೆಯ ಮೇಲೇ ಹಾದು ಹೋಗುವ ಟೂರಿಗೆ ಹಣ ಕಟ್ಟಿದ್ದು ಕೆಲವರಿಗೆ ನಗು ತರಿಸಿದೆ, ಕೆಲವರಿಗೆ ಸಿಟ್ಟು. ಭಾವನಂತೂ ಫೋನಿನಲ್ಲಿ, "ಮನೆ ಮುಂದೇ ಹೋದ್ಯಲ್ಲೋ, ಇಳಿದು ಒಂದು ಕಪ್ ಚಾ ಕುಡೀಲಿಕ್ಕೂ ಆಗ್ಲಿಲ್ವಾ?" ಅಂತ ಕೇಳಿದ.

ಆಗಲಿಲ್ಲ. ಟೂರಿನ ಟೈಮ್ ಟೇಬಲ್‌ನಲ್ಲಿ ನಮ್ಮ ಭಾವನ ಮನೆ ಇರಲಿಲ್ಲ.

ಆದರೂ ಹೋದದ್ದು ಒಳ್ಳೆಯದೇ ಆಯಿತು ಅಂತ ನಾನು ಹೇಳುತ್ತೇನೆ. ನಕ್ಕವರಿಗೆ ಒಂದೇ ಪ್ರಶ್ನೆ. ಇಷ್ಟು ವರ್ಷ ಊರಿಗೆ ಹೋಗಿ ಬಂದಿದ್ದೀರಲ್ಲ, ದಾರಿಯಲ್ಲಿ ಏನು ನೋಡಿದ್ದೀರಿ? ಎಂಬತ್ತರ ದಶಕದಲ್ಲಿ ರಾತ್ರಿ ಬಸ್ಸು. ಮಡಿಲಲ್ಲಿ ಬ್ಯಾಗು, ಕಾಲ ಕೆಳಗೆ ಇನ್ನೊಂದು ಬ್ಯಾಗು, ಹಿಂದಿನ ಸೀಟಿನಲ್ಲಿ ವಾಂತಿ ಮಾಡುವ ಮಗು. 1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ತಿ ತೆರೆದ ಮೇಲೆ ಮತ್ಸ್ಯಗಂಧ ಎಕ್ಸ್‌ಪ್ರೆಸ್. ಮಧ್ಯಾಹ್ನ ಠಾಣೆಯಲ್ಲಿ ಹತ್ತಿದರೆ ರತ್ನಾಗಿರಿ ಬರುವ ಹೊತ್ತಿಗೇ ಕತ್ತಲೆ. ಕಾರವಾರ, ಅಂಕೋಲೆ, ಕುಮಟೆ ಎಲ್ಲ ಸರಿರಾತ್ರಿಯ ಮೇಲೆ. ನಿದ್ದೆಗಣ್ಣಿನಲ್ಲಿ ಇಳಿದು, ತಂಗಿಯ ಗಂಡನ ಸ್ಕೂಟರಿನ ಹಿಂದೆ ಕೂತು ಮನೆ ಸೇರುವುದು. ಅಲ್ಲಿ ಒಂದು ಮದುವೆ, ಒಂದು ತಿಥಿ, ತಹಶೀಲ್ದಾರ್ ಕಚೇರಿಯಲ್ಲಿ ಪಹಣಿಯ ಕೆಲಸ, ಮತ್ತೆ ವಾಪಸ್ಸು. ಮುಂಬಯಿಯ ನಮ್ಮಂಥವರಿಗೆ ಊರು ಅಂದರೆ ಒಂದು ಬಿಂದು, ಮುಂಬಯಿ ಇನ್ನೊಂದು ಬಿಂದು. ನಡುವಿನ ಏಳೆಂಟು ನೂರು ಕಿಲೋಮೀಟರ್ ಬರೀ ಕತ್ತಲೆ ಮತ್ತು ಸುರಂಗ.

ಆ ಕತ್ತಲೆಯನ್ನು ಹಗಲಿನಲ್ಲಿ ನೋಡಿಸಿದ್ದು ಟೂರ್ ಬಸ್ಸು. ಅದಕ್ಕೇ ಟೂರಿನವರನ್ನು ಕಂಡರೆ ಮೂಗು ಮುರಿಯುವುದನ್ನು ನಾನು ಬಿಟ್ಟಿದ್ದೇನೆ. ಬೆಳಿಗ್ಗೆ ಐದೂವರೆಗೆ ಮೆಟ್ರೋ ಕಂಬದ ಕೆಳಗೆ ಸೂಟ್‌ಕೇಸ್ ಹಿಡಿದು ನಿಂತವರನ್ನು ನೋಡಿದರೆ ಮೊದಲು ನನಗೂ ನಗು ಬರುತ್ತಿತ್ತು. ಎಲ್ಲರ ತಲೆಯ ಮೇಲೂ ಒಂದೇ ಬಣ್ಣದ ಟೊಪ್ಪಿ, ಕೈಯಲ್ಲಿ ಖಾಖ್ರಾ ಪ್ಯಾಕೆಟ್ಟು... ಆದರೆ ಮರಾಠಿ ಮಧ್ಯಮ ವರ್ಗದವರು ಈ ಗ್ರೂಪ್ ಟೂರ್ ಅನ್ನುವುದನ್ನು ಎಷ್ಟು ಚಂದ ಮಾಡಿಕೊಂಡಿದ್ದಾರೆ ನೋಡಿ. 1984ರಲ್ಲಿ ಶುರುವಾದ ಕೇಸರಿ, 2013ರಲ್ಲಿ ಬಂದ ವೀಣಾ ವರ್ಲ್ಡ್ ಇವೆಲ್ಲ ಇಲ್ಲಿ ಮನೆಮಾತು. ಒಬ್ಬಂಟಿ ಅಜ್ಜಿ, ಮಂಡಿ ನೋವಿನ ಅಜ್ಜ, ಮೊದಲ ಸಲ ಊರು ಬಿಟ್ಟ ಹೆಂಗಸು ಯಾರೂ ಹೆದರದೆ ಲೋಕ ನೋಡುವ ವ್ಯವಸ್ಥೆ ಅದು. ನಾವು ಹೋದದ್ದು ಅಂಥ ದೊಡ್ಡ ಕಂಪನಿಯಲ್ಲಲ್ಲ, ಇಲ್ಲೇ ಸುತ್ತಮುತ್ತಲ ಜನರನ್ನು ಒಟ್ಟು ಮಾಡಿ ಬಸ್ಸು ಹೊರಡಿಸುವ ಒಬ್ಬ ಸಣ್ಣ ವ್ಯವಸ್ಥಾಪಕರ ಟೂರು. ಮೂವತ್ತೊಂದು ಜನ. ಅದರಲ್ಲಿ ಕನ್ನಡದವರು ಐದೇ. ನಾವಿಬ್ಬರು, ಡೊಂಬಿವಲಿಯ ಗಂಡ ಹೆಂಡತಿ, ಅವರ ಹನ್ನೆರಡು ವರ್ಷದ ಮೊಮ್ಮಗ.

ಗೈಡ್ ಹುಡುಗ ಮಾಲವಣದ ಕಡೆಯವನು. ಮೊದಲ ಮೂರು ದಿನ ಅವನು ಮಾತಾಡಿದ್ದು ಕೇಳಬೇಕಿತ್ತು! 2011ರಿಂದ ಅಗಲ ಮಾಡುತ್ತಲೇ ಇರುವ ಮುಂಬಯಿ-ಗೋವಾ ಹೆದ್ದಾರಿಯ ಗುಂಡಿಗಳಲ್ಲಿ ಬಸ್ಸು ಕುಣಿಯುವಾಗಲೂ ನಮಗೆ ಬೇಸರ ಆಗಲಿಲ್ಲ. ರತ್ನಾಗಿರಿಯಲ್ಲಿ ಥಿಬಾ ಅರಮನೆ ತೋರಿಸಿದ. ಬರ್ಮಾದ ಕೊನೆಯ ದೊರೆ ಥಿಬಾನನ್ನು ಬ್ರಿಟಿಷರು 1885ರಲ್ಲಿ ಗದ್ದುಗೆಯಿಂದ ಇಳಿಸಿ ಇಲ್ಲಿಗೆ ತಂದಿಟ್ಟರು. 1910ರಲ್ಲಿ ಈ ಅರಮನೆ ಕಟ್ಟಿಕೊಟ್ಟರು. 1916ರಲ್ಲಿ ಅವನು ಇಲ್ಲೇ ಸತ್ತ. ಮೂವತ್ತು ವರ್ಷ ಅರಬ್ಬೀ ಸಮುದ್ರ ನೋಡುತ್ತ ಕೂತವನಿಗೆ ಊರಿಗೆ ಹೋಗಲು ಬಿಡಲಿಲ್ಲ. ಗೈಡ್ ಇದನ್ನು ಹೇಳುವಾಗ ಬಸ್ಸಿನ ಅಂತ್ಯಾಕ್ಷರಿ ಗುಂಪು ಕೂಡ ಬಾಯಿ ಮುಚ್ಚಿತ್ತು. ಮಾಲವಣದಲ್ಲಿ ದೋಣಿ ಹತ್ತಿಸಿ ಸಿಂಧುದುರ್ಗಕ್ಕೆ ಕರೆದೊಯ್ದ. 1664ರಲ್ಲಿ ಶಿವಾಜಿ ಕಟ್ಟಲು ಶುರು ಮಾಡಿದ ನೀರಕೋಟೆ, 2025ರ ಜುಲೈಯಲ್ಲಿ ಇತರ ಮರಾಠಾ ಕೋಟೆಗಳ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದ್ದು. ಆದರೆ ಅವನು ಹೆಚ್ಚು ಹೊತ್ತು ಹೇಳಿದ್ದು ಯುನೆಸ್ಕೋ ಬಗ್ಗೆ ಅಲ್ಲ. ಕೋಟೆಯ ಒಳಗೆ ಇವತ್ತಿಗೂ ವಾಸ ಇರುವ ಕೆಲವು ಮನೆಯವರ ಬಗ್ಗೆ, ಮಳೆಗಾಲದಲ್ಲಿ ದೋಣಿ ನಿಂತರೆ ಅವರು ಏನು ಮಾಡುತ್ತಾರೆ, ರೇಷನ್ ಹೇಗೆ ಕೂಡಿಡುತ್ತಾರೆ ಅನ್ನುವ ಬಗ್ಗೆ. ಅದು ಅವನ ನೆಲ. ಅಲ್ಲಿ ಅವನಿಗೆ ಪುಸ್ತಕ ಬೇಕಾಗಿರಲಿಲ್ಲ.

ನಾಲ್ಕನೇ ದಿನ ಗೋವಾವನ್ನು ಉದ್ದಕ್ಕೆ ದಾಟಿ ಕಾಳಿ ನದಿಗೆ ಬಂದೆವು. ಅಲ್ಲಿಗೆ ಅವನ ಮಾತು ನಿಂತಿತು.

ನಿಂತಿತು ಅಂದರೆ, "ಇದು ಕಾರವಾರ. ಬೀಚ್ ಇದೆ. ಯುದ್ಧನೌಕೆ ಮ್ಯೂಸಿಯಂ ಇದೆ. ನಲವತ್ತು ನಿಮಿಷ." ಅಷ್ಟೇ. ಕಾಳಿಗೆ ಅಡ್ಡಲಾಗಿದ್ದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಮುರಿದು ಬಿದ್ದದ್ದು, ಲಾರಿಯೊಂದು ನದಿಗೆ ಉರುಳಿದ್ದು, ಅದರ ಚಾಲಕನನ್ನು ಜೀವಂತ ಎತ್ತಿದ್ದು ಯಾವುದೂ ಇಲ್ಲ. ಕಡಲ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರು ಏಕೆ ಅಂತ ಡೊಂಬಿವಲಿಯ ಹುಡುಗ ಕೇಳಿದ, ಗೈಡ್ ನಕ್ಕು ಸುಮ್ಮನಾದ. 1880ರ ದಶಕದ ಶುರುವಿನಲ್ಲಿ ಟಾಗೋರರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದರು. ಇಪ್ಪತ್ತರ ಆಸುಪಾಸಿನ ತಮ್ಮ ಅಲ್ಲಿ ಬಂದು ಉಳಿದಿದ್ದ, ಒಂದು ನಾಟಕವನ್ನೇ ಬರೆದಿದ್ದ. ನಾನು ಹಿಂದಿನ ಸೀಟಿನಿಂದ ಇಷ್ಟು ಹೇಳಿದೆ. ಗೈಡ್ ಬಂದು ನನ್ನ ಕೈಗೆ ಮೈಕ್ ಕೊಟ್ಟು, "ಕಾಕಾ, ಇಲ್ಲಿಂದ ಮುಂದೆ ನೀವೇ ಹೇಳಿ" ಅಂದ. ಒಳ್ಳೆಯ ಹುಡುಗ, ಗೊತ್ತಿಲ್ಲದ್ದನ್ನು ಕಟ್ಟಿ ಹೇಳಲಿಲ್ಲ.

ಮೈಕ್ ಹಿಡಿದು ಮಾತಾಡಿ ಅಭ್ಯಾಸ ಇಲ್ಲ ಮಾರಾಯ್ರೇ. ನನ್ನ ಮರಾಠಿಯೋ ಮಾಜಿವಾಡಾದ ತರಕಾರಿ ಮಾರ್ಕೆಟ್ಟಿನ ಮರಾಠಿ. ಆದರೂ ಶುರು ಮಾಡಿದೆ. ಬಿಣಗಾ, ಅರಗಾ ದಾಟುವಾಗ ಉದ್ದಕ್ಕೂ ಕಾಣುವ ಕಾಂಪೌಂಡ್ ಗೋಡೆ ನೋಡಿ, ಅದು ಕದಂಬ ನೌಕಾನೆಲೆ, 2005ರಲ್ಲಿ ಕಾರ್ಯಾರಂಭ ಆಯಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲು ಬಿಟ್ಟು ಎದ್ದು ಹೋದವು. ಅಂಕೋಲೆ ಬಂತು. ಇಲ್ಲಿ 1930ರಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಇಲ್ಲಿಯ ಬಡಗೇರಿಯಲ್ಲಿ ಸುಕ್ರಿ ಬೊಮ್ಮಗೌಡ ಇದ್ದರು, ಹಾಲಕ್ಕಿಗಳ ಹಾಡನ್ನೆಲ್ಲ ಗಂಟಲಲ್ಲೇ ಇಟ್ಟುಕೊಂಡವರು, ಸಾರಾಯಿ ಅಂಗಡಿಯ ವಿರುದ್ಧ ಹೆಂಗಸರನ್ನು ಕಟ್ಟಿ ನಿಂತವರು, 2017ರ ಪದ್ಮಶ್ರೀ. ಹೊನ್ನಳ್ಳಿಯಲ್ಲಿ ತುಳಸಿ ಗೌಡ ಇದ್ದರು, ನರ್ಸರಿಯಲ್ಲಿ ಕೂಲಿ ಮಾಡುತ್ತಲೇ ಕಾಡನ್ನು ಕಲಿತವರು, 2021ರಲ್ಲಿ ಬರಿಗಾಲಲ್ಲೇ ರಾಷ್ಟ್ರಪತಿ ಭವನಕ್ಕೆ ಹೋಗಿ ಪದ್ಮಶ್ರೀ ತೆಗೆದುಕೊಂಡವರು. ಟಿವಿಯಲ್ಲಿ ಆ ಚಿತ್ರ ನೋಡಿದ್ದವರು ಬಸ್ಸಿನಲ್ಲಿ ಐದಾರು ಜನ ಇದ್ದರು. "ಅರೇ, ಆ ಅಜ್ಜಿ ಇಲ್ಲಿಯವರಾ?" ಅಂತ ಕಿಟಕಿಯ ಕಡೆ ತಿರುಗಿದರು. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ ಹೋದರು, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ. ಎರಡು ತಿಂಗಳ ಅಂತರದಲ್ಲಿ ಇಬ್ಬರೂ. ಹೊರಗೆ ಗದ್ದೆಯಲ್ಲಿ ಕರಿಮಣಿ ಸರ ಹಾಕಿಕೊಂಡ ಹಾಲಕ್ಕಿ ಹೆಂಗಸರು ಕೊಯ್ಲು ಮಾಡುತ್ತಿದ್ದರು. ಬಸ್ಸು ಗಂಟೆಗೆ ಎಂಬತ್ತರಲ್ಲಿ ಓಡುತ್ತಿತ್ತು.

ಆಮೇಲೆ ಶಿರೂರು.

ಹೇಳುವುದೋ ಬೇಡವೋ ಅಂತ ಒಂದು ಕ್ಷಣ ಯೋಚಿಸಿದೆ. ರಜೆಗೆ ಬಂದವರು, ಮುಂದಿನ ಸೀಟಿನವರು ಆಗಷ್ಟೇ ಚಿವಡಾ ಹಂಚುತ್ತಿದ್ದರು. ಆದರೆ ಎಡಗಡೆ ಗುಡ್ಡ ಕೆಂಪಗೆ ಸೀಳಿ ನಿಂತದ್ದು ಎಲ್ಲರಿಗೂ ಕಾಣುತ್ತಿತ್ತು. ಹೇಳಿದೆ. 2024ರ ಜುಲೈ 16ರ ಬೆಳಿಗ್ಗೆ ಜೋರು ಮಳೆಯಲ್ಲಿ ಈ ಗುಡ್ಡ ಹೆದ್ದಾರಿಯ ಮೇಲೆ ಜಾರಿತು. ರಸ್ತೆ ಬದಿಗೆ ಒಂದು ಚಹಾ ಅಂಗಡಿ ಇತ್ತು, ಲಾರಿಯವರು ನಿಲ್ಲಿಸುವ ಜಾಗ. ಅಂಗಡಿ, ಅದನ್ನು ನಡೆಸುತ್ತಿದ್ದ ಕುಟುಂಬ, ನಿಂತಿದ್ದ ಲಾರಿಗಳು ಎಲ್ಲ ಮಣ್ಣಿನ ಜೊತೆ ಗಂಗಾವಳಿ ನದಿಗೆ ಹೋದವು. ನೀರು ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೂ ನುಗ್ಗಿತು. ಕೇರಳದ ಒಬ್ಬ ಚಾಲಕನ ಲಾರಿ ನದಿಯ ತಳದಿಂದ ಸಿಕ್ಕಿದ್ದು ಎರಡು ತಿಂಗಳು ಕಳೆದ ಮೇಲೆ, ಸೆಪ್ಟೆಂಬರ್ ಕೊನೆಗೆ. ರಸ್ತೆ ಅಗಲ ಮಾಡುವಾಗ ಗುಡ್ಡವನ್ನು ನೆಟ್ಟಗೆ ಕಡಿದದ್ದೇ ಇದಕ್ಕೆ ಕಾರಣ ಅಂತ ಊರವರು ಆಗಿನಿಂದ ಹೇಳುತ್ತಲೇ ಇದ್ದಾರೆ.

ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಕಳವಾದ ಒಬ್ಬರು ಹೆಂಗಸು ಮಾತ್ರ, "ನಾವು ಈಗ ಹೋಗ್ತಾ ಇರೋದು ಅದೇ ರಸ್ತೆಯಾ?" ಅಂತ ಕೇಳಿದರು. ಹೌದು, ಅದೇ ರಸ್ತೆ. ಡ್ರೈವರ್ ತಾನಾಗಿಯೇ ವೇಗ ಇಳಿಸಿದ್ದ.

ಊಟದ ಹೊತ್ತಿಗೆ ಟೂರಿನ ಮ್ಯಾನೇಜರ್ ಹತ್ತಿರ ಬಂದು ಮೆತ್ತಗೆ, "ಕಾಕಾ, ಇಂಥದ್ದು ಹೇಳಿದರೆ ಜನರ ಮೂಡ್ ಹಾಳಾಗುತ್ತೆ" ಅಂದರು. ಈ ಬರಹ ಬರೆಯಲು ಕೂತದ್ದೇ ಆ ಒಂದು ಮಾತಿಗೆ. ಅವರ ಅನುಭವ ದೊಡ್ಡದು, ಒಪ್ಪುತ್ತೇನೆ. ಅವರ ಲೆಕ್ಕವನ್ನು ಒಪ್ಪುವುದಿಲ್ಲ.

ನಮ್ಮ ಪಕ್ಕದ ಕಟ್ಟಡದಲ್ಲಿ ಮಲ್ಪೆ ಕಡೆಯ ಒಬ್ಬ ಹಿರಿಯರಿದ್ದಾರೆ. ಮಗ ಡಬ್ಲಿನ್‌ನಲ್ಲಿ. ಅಪ್ಪ ಅಮ್ಮನಿಗೆ ಅಲ್ಲಿಯ ಪಶ್ಚಿಮ ಕರಾವಳಿಯ ಕೋಚ್ ಟೂರ್ ಮಾಡಿಸಿದ್ದಾನೆ. ಸಮುದ್ರದಿಂದ 214 ಮೀಟರ್ ಎತ್ತರಕ್ಕೆ ಎದ್ದು ನಿಂತ ಮೊಹೆರ್ ಬಂಡೆಗಳು, ಕೆರ್ರಿಯ ಸುತ್ತು ರಸ್ತೆ, ಹಸಿರು, ಕುರಿ, ಮಳೆ. ಅಲ್ಲಿ ಬಸ್ಸು ಓಡಿಸುವವನೇ ಗೈಡಂತೆ, ಬಾಯಿಯ ಹತ್ತಿರ ಸಣ್ಣ ಮೈಕ್ ಸಿಕ್ಕಿಸಿಕೊಂಡು ಇಡೀ ದಿನ ಕತೆ ಹೇಳುತ್ತ ಸ್ಟೇರಿಂಗ್ ತಿರುಗಿಸುತ್ತಾನೆ. ಇವರಿಗೆ ನೆನಪುಳಿದದ್ದು ಬಂಡೆ ಅಲ್ಲ. ದಾರಿ ಬದಿಯ ಸೂರಿಲ್ಲದ ಕಲ್ಲಿನ ಮನೆಗಳನ್ನು ತೋರಿಸಿ ಅವನು ಹೇಳಿದ ಬರದ ಕತೆ. 1845ರಿಂದ ಆಲೂಗಡ್ಡೆ ಬೆಳೆಗೆ ರೋಗ ತಗುಲಿ, ಏಳೆಂಟು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕಿಂತ ಹೆಚ್ಚು ಜನ ಹಡಗು ಹತ್ತಿದರು. ಹಾಗೆ ಹಡಗು ಹತ್ತುತ್ತಿದ್ದ ಕೋವ್ ಎಂಬ ಬಂದರನ್ನು ಅವರು ಇವತ್ತು ನೋಡುವ ಜಾಗ ಮಾಡಿಕೊಂಡಿದ್ದಾರೆ. ಹಡಗು ಹತ್ತಿ ಹೋದವರ ಮರಿಮಕ್ಕಳೇ ಅಮೆರಿಕದಿಂದ ಬಂದು, ಟೂರ್ ಬಸ್ಸಿನಲ್ಲಿ ಕೂತು, ಅಜ್ಜನ ಊರು ಯಾವುದು ಅಂತ ಕಿಟಕಿಯಿಂದ ಹುಡುಕುತ್ತಾರೆ. 2013ರಲ್ಲಂತೂ ಹೊರಗೆ ನೆಲೆಸಿದವರೆಲ್ಲ ಒಮ್ಮೆ ಮನೆಗೆ ಬನ್ನಿ ಅಂತ ಇಡೀ ದೇಶವೇ ಒಂದು ವರ್ಷದ ಕಾರ್ಯಕ್ರಮ ಹಾಕಿಕೊಂಡಿತ್ತು.

ಅಲ್ಲಿ ಬರದ ಕತೆ ಹೇಳಿದ್ದಕ್ಕೆ ಯಾರ ಮೂಡೂ ಹಾಳಾಗಿಲ್ಲ, ಟಿಕೆಟ್ಟೂ ಕಡಿಮೆಯಾಗಿಲ್ಲ. ಇಲ್ಲಿ ನಮಗೆ ಶಿರೂರಿನ ಹೆಸರು ಹೇಳಿದರೆ ಚಿವಡಾ ರುಚಿಸುವುದಿಲ್ಲವೇ?

ಅಂದ ಹಾಗೆ, ಆ ಹಿರಿಯರು ಐರ್ಲೆಂಡಿನ ಉತ್ತರ ತುದಿಯಲ್ಲಿ ಜೈಂಟ್ಸ್ ಕಾಸ್‌ವೇ ಕೂಡ ನೋಡಿ ಬಂದಿದ್ದಾರೆ. ಲಾವಾ ತಣ್ಣಗಾಗಿ ಆರು ಮೂಲೆಯ ಕಂಬಗಳಾದ ಜಾಗ, ಸುಮಾರು ನಲವತ್ತು ಸಾವಿರ ಕಂಬ. ಫೋಟೋ ತೋರಿಸುತ್ತಾ, "ಇಂಥದ್ದು ಜಗತ್ತಿನಲ್ಲಿ ಎಲ್ಲೂ ಇಲ್ಲ" ಅಂದರು. ಮಲ್ಪೆಯವರು! ದಂಡೆಯಲ್ಲಿ ನಿಂತರೆ ಕಾಣುವ ಸೇಂಟ್ ಮೇರಿಸ್ ದ್ವೀಪದಲ್ಲಿ ಅಂಥದೇ ಕಂಬಗಳಿವೆ. ವಯಸ್ಸಿನಲ್ಲಿ ಐರ್ಲೆಂಡಿನದಕ್ಕಿಂತ ಹಿರಿಯವು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು ಅಂತ ಭೂವಿಜ್ಞಾನಿಗಳು ಹೇಳುತ್ತಾರೆ. "ಅಲ್ಲಿಗೆ ಯಾರು ಹೋಗ್ತಾರೆ, ನಮ್ಮ ಮನೆಯಿಂದ ಎರಡೇ ಮೈಲಿ" ಅಂದರು ಹಿರಿಯರು. ಅವರು ಹದಿನೆಂಟಕ್ಕೆ ಊರು ಬಿಟ್ಟವರು. ಮುಂಬಯಿಗೆ ಹೋಟೆಲಿನ ಕೆಲಸಕ್ಕೆ ಹೊರಟ ಹುಡುಗ ದ್ವೀಪ ನೋಡಲು ದೋಣಿ ಹತ್ತುತ್ತಾನೆಯೇ? ನೋಡುವುದು ಅನ್ನುವುದೇ ಬಿಡುವಿದ್ದವರ ಕೆಲಸ. ನಮಗೆ ಆ ಬಿಡುವು ಸಿಕ್ಕಿದ್ದು ಅರವತ್ತರ ಮೇಲೆ, ಮಂಡಿಗೆ ಪಟ್ಟಿ ಕಟ್ಟಿಕೊಂಡ ಮೇಲೆ. ಅದಕ್ಕೆ ಟೂರಿನವರು ಬೇಕು ಅನ್ನುವುದು.

ಹಾಗಂತ ಈ ಟೂರು ಬಹಳ ಚೆನ್ನಾಗಿತ್ತು ಅಂತಲ್ಲ. ಮಹಾರಾಷ್ಟ್ರದ ಪಾಲಿಗೆ ಮೂರು ದಿನ ಕೊಟ್ಟವರು ಉತ್ತರ ಕನ್ನಡದ ಅಷ್ಟುದ್ದ ಕರಾವಳಿಯನ್ನು ಒಂದೂವರೆ ದಿನದಲ್ಲಿ ಮುಗಿಸಿದರು. ಗೋಕರ್ಣದಲ್ಲಿ ದರ್ಶನ, ಓಂ ಬೀಚಿನಲ್ಲಿ ಸೆಲ್ಫಿ, ಹತ್ತು ಬಸ್ಸಿಗೆ. ಪಕ್ಕದಲ್ಲೇ ಯಶವಂತ ಚಿತ್ತಾಲರ ಹನೇಹಳ್ಳಿ. ಮುಂಬಯಿಯ ಬಾಂದ್ರಾದಲ್ಲಿ ಕೂತು ಜೀವನವಿಡೀ ಆ ಹಳ್ಳಿಯನ್ನು ಬರೆದವರು. ಜಯಂತ ಕಾಯ್ಕಿಣಿಯವರೂ ಗೋಕರ್ಣದಿಂದ ಮುಂಬಯಿಗೆ ಬಂದು ಎರಡು ದಶಕ ಇದ್ದು ಹೋದವರು. ಮುಂಬಯಿ ಬಸ್ಸಿಗೆ ಇದಕ್ಕಿಂತ ಹತ್ತಿರದ ನಂಟು ಬೇಕೆ? ಸಾಣಿಕಟ್ಟೆಯ ಉಪ್ಪಿನ ಗದ್ದೆ ನೋಡಿಸಲಿಲ್ಲ. ಹೆದ್ದಾರಿಯ ಪಕ್ಕದಲ್ಲೇ ಇರುವ ಮಿರ್ಜಾನ್ ಕೋಟೆ, ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಬರುವ ಕೋಟೆ, ಬೋರ್ಡು ಮಾತ್ರ ಕಂಡಿತು. ದಿವಗಿಯ ಸೇತುವೆ ಮೇಲೆ ಅಘನಾಶಿನಿಯನ್ನು ದಾಟಲು ಅರ್ಧ ನಿಮಿಷ ಹಿಡಿಯಿತು. ಒಂದೂ ದೊಡ್ಡ ಅಣೆಕಟ್ಟಿಲ್ಲದೆ ಕಡಲು ಸೇರುವ ನದಿ, ಅದರ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ಉಪ್ಪುನೀರಿನ ಗಜನಿ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ, ಇಳಿತದ ಹೊತ್ತಿಗೆ ಹೆಂಗಸರು ಸೊಂಟದವರೆಗೆ ನೀರಿನಲ್ಲಿ ನಿಂತು ಬಳಚು ಹೆಕ್ಕುತ್ತಾರೆ. ಅದೇ ನೀರಿನ ಬಳಚು ಸುಕ್ಕ ಮಧ್ಯಾಹ್ನದ ಊಟಕ್ಕೆ ಸಿಗಬಹುದಿತ್ತು. ನಮಗೆ ಸಿಕ್ಕಿದ್ದು ಪನೀರ್ ಬಟರ್ ಮಸಾಲ.

ಮುರ್ಡೇಶ್ವರದಲ್ಲಿ 123 ಅಡಿಯ ಶಿವನ ಮುಂದೆ ಎರಡು ಗಂಟೆ! ಎರಡು ಗಂಟೆಯಲ್ಲಿ ಒಂದನ್ನು ಅಘನಾಶಿನಿಗೆ ಕೊಟ್ಟಿದ್ದರೆ ಶಿವ ಬೇಡ ಅನ್ನುತ್ತಿರಲಿಲ್ಲ.

ದಿನಕ್ಕೆ ಎರಡೇ ಜಾಗ ಇರಲಿ, ಕಾಳಿ ದಾಟಿದ ಮೇಲೆ ಸ್ಥಳೀಯ ಗೈಡ್ ಹತ್ತಲಿ ಅನ್ನುವುದು ನನ್ನ ಬೇಡಿಕೆ. ಡಿಗ್ರಿ ಮುಗಿಸಿ ಮುಂಬಯಿಗೋ ಗೋವಾಕ್ಕೋ ಕೆಲಸ ಹುಡುಕಿ ಹೊರಡುವ ಹುಡುಗ ಹುಡುಗಿಯರು ಆ ಊರುಗಳಲ್ಲಿ ಎಷ್ಟೊಂದು ಇದ್ದಾರೆ. ಮರಾಠಿಯೋ ಕೊಂಕಣಿಯೋ ಕಾರವಾರದ ಕಡೆಯವರಿಗೆ ಹೊಸದಲ್ಲ. ಒಂದೂವರೆ ದಿನದ ಸಂಬಳ ಟೂರಿನವರಿಗೆ ಭಾರವೂ ಅಲ್ಲ. ಹಾಗೆ ಬಂದವರು ಕೇಣಿಯ ಮೀನುಗಾರರು ಹೊಸ ಬಂದರು ಬೇಡ ಅಂತ 2025ರಲ್ಲಿ ಏಕೆ ಬೀದಿಗಿಳಿದರು ಅನ್ನುವುದನ್ನೂ ಹೇಳುತ್ತಾರೆ, ಯಾವ ಅಂಗಡಿಯ ಗೋಳಿಬಜೆ ಬಿಸಿ ಇರುತ್ತದೆ ಅನ್ನುವುದನ್ನೂ ಹೇಳುತ್ತಾರೆ. ಎರಡೂ ಬೇಕು. ನಮ್ಮ ಕನ್ನಡ ಸಂಘಗಳಿಗೂ ಒಂದು ಮಾತು. ಯಕ್ಷಗಾನ, ಅರಿಶಿನ ಕುಂಕುಮ, ವಾರ್ಷಿಕೋತ್ಸವ ಎಲ್ಲ ಇರಲಿ. ಆದರೆ ಡೊಂಬಿವಲಿಯಲ್ಲಿ ಶಾಲೆಯನ್ನೇ ನಡೆಸಬಲ್ಲ ನಮ್ಮ ಜನರಿಗೆ ವರ್ಷಕ್ಕೆ ಒಂದು ಬಸ್ಸು ಹೊರಡಿಸುವುದು ಕಷ್ಟವೇ? ತೀರ್ಥಯಾತ್ರೆ ಅಲ್ಲ, ಹಗಲಿನ ಬಸ್ಸು. ಮಕ್ಕಳನ್ನು ಕಿಟಕಿ ಕಡೆ ಕೂರಿಸುವ ಬಸ್ಸು.

ಮಕ್ಕಳು ಅಂದೆನಲ್ಲ, ಆ ಹನ್ನೆರಡು ವರ್ಷದ ಹುಡುಗ. ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ನೀರು ಕುಡಿದಂತೆ. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಕಾಳಿ ದಾಟಿದ ಮೇಲೆ ಅವನು ಅಜ್ಜನ ಪಕ್ಕದಿಂದ ಎದ್ದು ಡ್ರೈವರ್ ಹಿಂದಿನ ಸೀಟಿಗೆ ಬಂದ. ಪ್ರತಿ ಊರಿನ ಬೋರ್ಡಿನಲ್ಲಿ ಇಂಗ್ಲಿಷಿನ ಹೆಸರನ್ನು ಓದಿ, ಮೇಲಿನ ಕನ್ನಡದ ಅಕ್ಷರಕ್ಕೆ ಹೊಂದಿಸುತ್ತ ಬಂದ. ಕುಮಟಾ, ಹೊನ್ನಾವರ, ಭಟ್ಕಳ. ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ, ನಡುವೆ ರಸ್ತೆ ಓಡುವ ಮರವಂತೆ ಬರುವ ಹೊತ್ತಿಗೆ "ಮ" ಮತ್ತು "ವ" ಬೇರೆ ಬೇರೆ ಅಂತ ಅವನಿಗೆ ಗೊತ್ತಾಗಿತ್ತು. ಯಾವ ಕನ್ನಡ ಕ್ಲಾಸಿನವರೂ ಎರಡು ದಿನದಲ್ಲಿ ಇಷ್ಟು ಕಲಿಸಿದ್ದು ನಾನು ನೋಡಿಲ್ಲ :-)

ಕೊನೆಯ ದಿನ ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರಿಸ್ ದ್ವೀಪಕ್ಕೂ ಹೋಗಿ ಬಂದೆವು. ಕಂಬಗಳ ಫೋಟೋ ತೆಗೆದು ಪಕ್ಕದ ಕಟ್ಟಡದ ಹಿರಿಯರಿಗೆ ಕಳಿಸಿದೆ. "ಐರ್ಲೆಂಡಿಗೆ ಯಾವಾಗ ಹೋದಿರಿ?" ಅಂತ ಉತ್ತರ ಬಂತು. (ಮಳೆಗಾಲದಲ್ಲಿ ದೋಣಿ ಬಂದ್ ಇರುತ್ತದೆ, ಹೋಗುವವರು ವಿಚಾರಿಸಿ ಹೋಗಿ.)

ಟೂರು ಮುಗಿದ ಮೇಲೆ ಅಭಿಪ್ರಾಯದ ಫಾರಂ ಕೊಟ್ಟರು. ಹಿಂದೆ ಮುಂದೆ ಎರಡೂ ಬದಿ ತುಂಬಿಸಿ ಕೊಟ್ಟೆ. ಮ್ಯಾನೇಜರರಿಂದ ಉತ್ತರ ಬರಲಿಲ್ಲ. ಆದರೆ ಹೋದ ವಾರ ಆ ಮಾಲವಣದ ಗೈಡ್ ಹುಡುಗ ಫೋನ್ ಮಾಡಿದ್ದ. ಮುಂದಿನ ಬ್ಯಾಚಿಗೆ ಕಾರವಾರದಿಂದ ಗೋಕರ್ಣದವರೆಗೆ ಹೇಳಬೇಕಾದ್ದನ್ನು ಬರೆದುಕೊಡಿ ಕಾಕಾ, ಶಿರೂರಿನದನ್ನೂ ಬರೆಯಿರಿ ಅಂದ. ನನ್ನ ತರಕಾರಿ ಮಾರ್ಕೆಟ್ ಮರಾಠಿಯಲ್ಲಿ ಎರಡು ಪುಟ ಆಗಿದೆ, ಹೆಂಡತಿ ತಿದ್ದುತ್ತಿದ್ದಾಳೆ. ಹೊನ್ನಾವರದಿಂದ ಕೆಳಗೆ ನನಗೆ ಅಷ್ಟು ಗೊತ್ತಿಲ್ಲ. ಭಟ್ಕಳ, ಬೈಂದೂರು, ಕುಂದಾಪುರ, ಮಲ್ಪೆ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ನಿಮ್ಮ ನಿಮ್ಮ ಭಾಗದ್ದು ಒಂದೊಂದು ಪುಟ ಬರೆದು ಕಳಿಸಿ. ಕನ್ನಡದಲ್ಲೇ ಬರೆಯಿರಿ, ಮರಾಠಿ ನಾವು ಮಾಡಿಕೊಳ್ಳುತ್ತೇವೆ.